ಬಾಸೆಲ್‌ನಲ್ಲಿ ಸಿಕ್ಕ ಬಳಗ

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡದ ಆಸುಪಾಸಿನಲ್ಲಿ ಯಾವುದಾದರೊಂದು ಮನೆಯಲ್ಲಿ ಸೂಟ್‌ಕೇಸು ತೂಗುವ ಗಡಿಬಿಡಿ ಇದ್ದೇ ಇರುತ್ತದೆ. ಚಟ್ನಿಪುಡಿ, ಹುಳಿಪುಡಿ, ಪುಟ್ಟ ಕುಕ್ಕರ್, ಸ್ವೆಟರ್. ಮಗನೋ ಮಗಳೋ ಎಂ.ಎಸ್. ಓದಲು ಜರ್ಮನಿಗೆ ಹೊರಟಿರುತ್ತಾರೆ. ಕ್ರೈಸ್ತರ ಮನೆಯಾದರೆ ಬಟ್ಟೆಗಳ ನಡುವೆ ಕನ್ನಡ ಸತ್ಯವೇದವೂ ಸೇರುತ್ತದೆ. ಹಿಂದಿನ ಸಂಜೆ ಚರ್ಚಿನ ಅಯ್ಯನವರು ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರೆ. ಅಲ್ಲಿ ಇಳಿದ ಮೇಲೆ ಅಮ್ಮ ಕೇಳುವ ಮೊದಲ ಪ್ರಶ್ನೆ ಊಟದ್ದು. ಎರಡನೆಯದು, "ಚರ್ಚ್ ಸಿಕ್ತಾ? ನಮ್ಮೋರು ಅನ್ನೋ ಹಾಗೆ ಯಾರಾದ್ರೂ ಇದಾರಾ?"

ಈ ಎರಡನೆಯ ಪ್ರಶ್ನೆ ನೂರೆಪ್ಪತ್ತು ವರ್ಷಕ್ಕೂ ಹಳೆಯದು.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಹುಟ್ಟಿದ್ದು 1825ರಲ್ಲಿ. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಅವರಿಗೆ ಮೇಷ್ಟ್ರಾಗಿ ಸಿಕ್ಕವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಅದೇ ಮೋಗ್ಲಿಂಗ್. 1844ರ ಜನವರಿಯಲ್ಲಿ ಆನಂದರಾವ್ ದೀಕ್ಷಾಸ್ನಾನ ಪಡೆದಾಗ ಊರೇ ತಿರುಗಿಬಿತ್ತು. ಮನೆ, ಜಾತಿ, ಊಟದ ಪಂಕ್ತಿ ಎಲ್ಲ ಒಟ್ಟಿಗೇ ತಪ್ಪಿಹೋದವು. ಕೈಹಿಡಿದ ಹೆಂಡತಿಯೂ ಜೊತೆಗೆ ಬರಲಿಲ್ಲ. ಇಪ್ಪತ್ತೂ ತುಂಬದ ಹುಡುಗ ತನ್ನ ಹೆಸರಿಗೆ ಸೇರಿಸಿಕೊಂಡದ್ದು ಮೇಷ್ಟ್ರ ಹೆಸರನ್ನೇ: ಹರ್ಮನ್ ಆನಂದರಾವ್ ಕೌಂಡಿನ್ಯ.

1846ರಲ್ಲಿ ಆ ಮೇಷ್ಟ್ರೇ ಶಿಷ್ಯನನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕರೆದೊಯ್ದರು. ಅಲ್ಲಿನ ಮಿಷನ್ ಸೆಮಿನರಿಯಲ್ಲಿ ಓದುತ್ತಿದ್ದವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ರೈತರ, ಕಸುಬುದಾರರ ಮಕ್ಕಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ. ಗ್ರೀಕ್, ಹೀಬ್ರೂ ಪಾಠದ ನಡುವೆ ಕೈಕೆಲಸವೂ ಉಂಟು. ಒಂದೇ ಮೇಜಿನ ಊಟ, ಒಬ್ಬರನ್ನೊಬ್ಬರು ಕರೆಯುವುದು 'ಸಹೋದರ' ಎಂದು. ಪಂಕ್ತಿಯಿಂದ ಎಬ್ಬಿಸಿ ಕಳಿಸಿದವನಿಗೆ ಆ ಮೇಜು ಏನಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಸತ್ಯವೇದದಲ್ಲಿ ಆದಿಸಭೆಯವರ ಒಡನಾಟಕ್ಕೆ ಬರುವ ಮಾತು 'ಅನ್ಯೋನ್ಯತೆ'. ನಮ್ಮ ಕಡೆ ಗಂಡ ಹೆಂಡಿರ ಬಾಳ್ವೆಗೂ ಅದೇ ಮಾತು. ಬೆಳಗಿನಿಂದ ರಾತ್ರಿಯವರೆಗೆ ಕೂಡಿ ಬದುಕಿದರೆ ಮಾತ್ರ ಹುಟ್ಟುವಂಥದ್ದು ಅದು; ವಾರಕ್ಕೊಮ್ಮೆ ಕೈಕುಲುಕಿದರೆ ಬರುವುದಿಲ್ಲ.

1850ರಲ್ಲಿ ಅದೇ ಸೆಮಿನರಿಗೆ ಹದಿನೆಂಟರ ಹುಡುಗನೊಬ್ಬ ಸೇರಿದ. ಹೆಸರು ಫರ್ಡಿನಂಡ್ ಕಿಟೆಲ್. 1894ರ ಮಹಾ ನಿಘಂಟಿನ ಕಿಟೆಲ್ ಕನ್ನಡ ನಾಡನ್ನು ಕಾಣುವ ಮೊದಲೇ ಆ ನಾಡಿನವರೊಬ್ಬರು ಓದುತ್ತಿದ್ದ ಮನೆಯಲ್ಲಿ ಕೂತು ಓದಿದ್ದರು ಎಂಬುದು ನೆನೆದಾಗಲೆಲ್ಲ ಸಂತೋಷ ಕೊಡುವ ಸಂಗತಿ.

ಕೌಂಡಿನ್ಯರು 1851ರಲ್ಲಿ ಗುರುದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಪರದೇಶದ ಸ್ನೇಹ ಪದವಿಯೊಂದಿಗೆ ಮುಗಿದುಹೋಗುವುದೇ ಹೆಚ್ಚು, ಇವರದು ಹಾಗಾಗಲಿಲ್ಲ. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಕೌಂಡಿನ್ಯರು ಅಲ್ಲಿ ಸ್ವಂತ ಹಣ ಹಾಕಿ ಜಮೀನು ಕೊಂಡು, ಹೊಸದಾಗಿ ಕ್ರೈಸ್ತರಾದ ದಲಿತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ಆ ಊರೇ ಸಿದ್ದಾಪುರದ ಬಳಿಯ ಆನಂದಪುರ. 1860ರಲ್ಲಿ ಅವರು ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು.

ಇಂಥ ಸಮಾನತೆಯ ಒಡನಾಟ ಎಲ್ಲರಿಗೂ ಸಿಕ್ಕಿತೆನ್ನುವಂತಿಲ್ಲ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ತಮಿಳುನಾಡಿನ ಪಾದ್ರಿ ವಿ.ಎಸ್. ಅಜರಯ್ಯ ಎದ್ದು ನಿಂತು, ನಿಮ್ಮ ತ್ಯಾಗಕ್ಕೆಲ್ಲ ನಾವು ಋಣಿಗಳು, ಆದರೆ ನಮಗೆ ಸ್ನೇಹಿತರು ಬೇಕು ಎಂಬ ಅರ್ಥದ ಮಾತಾಡಿದರು. ದಾನ ಕೊಡುವ ಕೈಗೂ ಹೆಗಲ ಮೇಲೆ ಬೀಳುವ ಕೈಗೂ ಇರುವ ಅಂತರವನ್ನು ಯುರೋಪಿನ ಮುಖಕ್ಕೇ ಹೇಳಿದ ಧೈರ್ಯ ಅದು.

ಈಗ ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯದ ಊರುಗಳಲ್ಲಿ ಇ.ಎಸ್.ಜಿ. ಎಂದು ಕರೆಯುವ ಪ್ರಾಟೆಸ್ಟೆಂಟ್ ವಿದ್ಯಾರ್ಥಿ ಸಭೆಗಳಿವೆ. ನಾಜಿಗಳು 1938ರಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘವನ್ನು ನಿಷೇಧಿಸಿದಾಗ ಚರ್ಚಿನ ಆಸರೆಯಲ್ಲಿ ಬೆಳೆದ ಸಭೆಗಳಿವು. ಕೆಲವೆಡೆ ಅವುಗಳದೇ ಹಾಸ್ಟೆಲ್ ಇದೆ, ಕೈ ಬರಿದಾದ ಪರದೇಶಿ ವಿದ್ಯಾರ್ಥಿಗೆ ತುರ್ತು ನೆರವೂ ಇದೆ. ಕೂಡಿ ಅಡುಗೆ ಮಾಡುವ ಸಂಜೆಗಳಿರುತ್ತವೆ. ಭಾಷೆ ಎಡವಿದರೂ ಈರುಳ್ಳಿ ಹೆಚ್ಚುವಾಗ ಪಕ್ಕದಲ್ಲಿ ನಿಂತವರ ಹೆಸರು ಬಾಯಿಗೆ ಬರುತ್ತದೆ. ಊರಿನಿಂದ ಒಯ್ದ ಹುಳಿಪುಡಿಯ ಡಬ್ಬಿ ಅಲ್ಲಿ ಒಂದೇ ರಾತ್ರಿಗೆ ಅರ್ಧ ಖಾಲಿ.

ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಹನುಮಂತನಗರದಲ್ಲಿ ಭಾನುವಾರದ ಆರಾಧನೆ ಮುಗಿಸಿ ಬಂದು, ಊಟವೂ ಆಗಿ, ಒಂದೂವರೆಗೆ ತಟ್ಟೆ ಎತ್ತುವ ಹೊತ್ತಿಗೆ ಅಲ್ಲಿ ಹತ್ತು ಗಂಟೆ. ಅಮ್ಮ ಫೋನ್ ಮಾಡಿದರೆ ಆ ಕಡೆಯಿಂದ ಪಿಸುದನಿ: "ಆಮೇಲ್ ಮಾಡ್ತೀನಮ್ಮ, ಚರ್ಚ್ ಒಳಗಿದೀನಿ, ಪಕ್ಕದಲ್ಲಿ ಎಲ್ಲರೂ ಇದಾರೆ."