ಸಿಬ್ಬಂದಿ ದಾಖಲೆಗಳಲ್ಲಿ ರಿಕ್ತಸ್ಥಾನದ ವಿಚಾರ

ಒಂದು ಸಂಸ್ಥೆಯಲ್ಲಿ ನೌಕರರು ಎಷ್ಟು ಮಂದಿ, ಯಾವ ಶಾಖೆಯಲ್ಲಿ ವೇತನವೆಷ್ಟು, ವರ್ಷದಲ್ಲಿ ಕೆಲಸ ಬಿಟ್ಟುಹೋದವರೆಷ್ಟು ಎಂಬ ಪ್ರಶ್ನೆಗಳು ಹಳೆಯವು. ಹಿಂದೆ ಗುಮಾಸ್ತರು ಹಾಜರಿ ಪುಸ್ತಕವನ್ನೂ ಸೇವಾ ಪುಸ್ತಕವನ್ನೂ ತಿರುವಿಹಾಕಿ ಇವಕ್ಕೆ ಉತ್ತರ ಕೊಡುತ್ತಿದ್ದರು. ಈಗ ದೊಡ್ಡ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಜನರ ದಾಖಲೆಗಳು ಗಣಕಯಂತ್ರಗಳಲ್ಲಿ ಶೇಖರವಾಗಿರುವುದರಿಂದ, ಅವನ್ನು ಪ್ರಶ್ನಿಸುವ ವಿಧಾನವೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಆ ವಿಧಾನದ ಸ್ವರೂಪವನ್ನೂ, ಅದರಿಂದ ದೊರೆಯುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಇಲ್ಲಿ ವಿವರಿಸಿದೆ.

ದಾಖಲೆಗಳನ್ನು ಪಂಕ್ತಿ ಮತ್ತು ಸ್ತಂಭಗಳುಳ್ಳ ಕೋಷ್ಟಕಗಳಾಗಿ ಭಾವಿಸುವ ಸಂಬಂಧಾತ್ಮಕ ಸಿದ್ಧಾಂತವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ಪ್ರಕಟಿಸಿದನು. ಅದನ್ನು ಅನುಸರಿಸಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು 1974ರಲ್ಲಿ ಒಂದು ಪ್ರಶ್ನಭಾಷೆಯನ್ನು ರಚಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವುದು ಅದೇ. ಏನು ಬೇಕೆಂಬುದನ್ನು ಮಾತ್ರ ಹೇಳಿ, ಹೇಗೆ ಹುಡುಕಬೇಕೆಂಬುದನ್ನು ಯಂತ್ರಕ್ಕೆ ಬಿಡುವುದು ಈ ಭಾಷೆಯ ಲಕ್ಷಣ. ಒಂದೇ ಯಂತ್ರದಲ್ಲಿ ಹಿಡಿಸಲಾರದಷ್ಟು ದತ್ತಾಂಶವು ಕೂಡಿದಾಗ, ಕೆಲಸವನ್ನು ಅನೇಕ ಯಂತ್ರಗಳಿಗೆ ಹಂಚುವುದು ಅವಶ್ಯಕವಾಯಿತು. ಈ ಉದ್ದೇಶಕ್ಕಾಗಿ 2009ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭವಾದ ಸ್ಪಾರ್ಕ್ ಎಂಬ ಸಾಧನವು 2014ರಿಂದ ಆ ಪ್ರಶ್ನಭಾಷೆಯನ್ನೂ ತನ್ನೊಳಗೆ ಅಳವಡಿಸಿಕೊಂಡಿತು.

ಇದರ ಕಾರ್ಯಕ್ರಮವು ನಿಘಂಟಿನ ಕೆಲಸವನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವುದು. ಶಬ್ದಗಳನ್ನು ಬರೆದಿಟ್ಟ ಚೀಟಿಗಳ ರಾಶಿಯನ್ನು ಹತ್ತು ಮಂದಿ ಪಂಡಿತರಿಗೆ ಹಂಚಿದರೆ, ಪ್ರತಿಯೊಬ್ಬರೂ ತಮ್ಮ ಪಾಲನ್ನು ವಿಂಗಡಿಸುವರು; ಆಮೇಲೆ ಒಂದೊಂದು ಶಬ್ದದ ಚೀಟಿಗಳೆಲ್ಲ ಒಂದೊಂದು ಕಡೆಗೆ ಬಂದು ಸೇರುವುವು. ಸ್ಪಾರ್ಕ್ ಮಾಡುವುದೂ ಇದನ್ನೇ. ಆದರೆ ಫಲಗಳನ್ನು ಒಟ್ಟುಗೂಡಿಸುವುದರಲ್ಲಿ ಎಚ್ಚರ ಬೇಕು. ಒಂದು ಯಂತ್ರದ ಪಾಲಿಗೆ ಬಂದ 2 ನೌಕರರ ಸರಾಸರಿ ವೇತನ 20,000 ರೂಪಾಯಿ, ಮತ್ತೊಂದರ ಪಾಲಿಗೆ ಬಂದ 8 ನೌಕರರ ಸರಾಸರಿ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸರಾಸರಿಗಳ ಸರಾಸರಿ 30,000. ನಿಜವಾದ ಸರಾಸರಿಯಾದರೋ 36,000. ಆದಕಾರಣ ಪ್ರತಿಯೊಂದು ಯಂತ್ರವೂ ಸರಾಸರಿಯನ್ನು ಕಳುಹಿಸದೆ, ವೇತನದ ಮೊತ್ತವನ್ನೂ ಜನರ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಕಳುಹಿಸುವುದು. ಭಾಗಾಕಾರವು ಕೊನೆಯಲ್ಲಿ ಒಂದೇ ಸಲ ನಡೆಯುವುದು. ಇಂತಹ ತಪ್ಪುಗಳನ್ನು ಸಾಧನವೇ ತಪ್ಪಿಸುವುದು.

ಸಾಧನವು ತಾನಾಗಿ ತಪ್ಪಿಸಲಾರದ ದೋಷವೊಂದುಂಟು. ಅದು ರಿಕ್ತಸ್ಥಾನಕ್ಕೆ ಸಂಬಂಧಿಸಿದುದು. ಓಲೆಯ ಗ್ರಂಥವನ್ನು ಪರಿಷ್ಕರಿಸುವವರು ಹುಳು ತಿಂದ ಎಡೆಯನ್ನು ಗ್ರಂಥಪಾತವೆಂದು ಗುರುತಿಸುವರೇ ಹೊರತು, ಅಲ್ಲಿ ಕವಿಯು ಏನನ್ನೂ ಬರೆದಿರಲಿಲ್ಲವೆಂದು ಹೇಳುವುದಿಲ್ಲ. ಕೋಷ್ಟಕದಲ್ಲಿಯೂ ಹಾಗೆಯೇ: ಬರೆಯದೆ ಬಿಟ್ಟ ಸ್ಥಾನಕ್ಕೆ ನಲ್ ಎಂದು ಹೆಸರು, ಅದು ಸೊನ್ನೆಯಲ್ಲ. ನಾಲ್ವರ ಪೈಕಿ ಮೂವರ ವೇತನವು 20,000, 30,000, 40,000 ಎಂದಿದ್ದು, ನಾಲ್ಕನೆಯವರ ಸ್ಥಾನವು ರಿಕ್ತವಾಗಿದ್ದರೆ, ಪ್ರಶ್ನಭಾಷೆಯು ಮೂವರನ್ನೇ ಗಣಿಸಿ ಸರಾಸರಿ 30,000 ಎನ್ನುವುದು. ರಿಕ್ತಸ್ಥಾನಕ್ಕೆ ಸೊನ್ನೆಯನ್ನು ತುಂಬಿದರೆ ಉತ್ತರವು 22,500ಕ್ಕೆ ಇಳಿಯುವುದು. ಮೊದಲನೆಯದು ಮೂವರ ವಿಷಯದಲ್ಲಿ ಮಾತ್ರ ಸತ್ಯ. ಎರಡನೆಯದು ಯಾರ ವಿಷಯದಲ್ಲಿಯೂ ಸತ್ಯವಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ನಿಷೇಧದ ಪ್ರಶ್ನೆ. ಲೆಕ್ಕಪತ್ರ ಶಾಖೆಯವರನ್ನು ಬಿಟ್ಟು ಉಳಿದವರೆಲ್ಲರಿಗೂ ತರಬೇತಿ ಕೊಡಬೇಕಾಗಿದೆಯೆಂದು ಭಾವಿಸೋಣ. ಒಟ್ಟು ನೌಕರರು 1,000. ಲೆಕ್ಕಪತ್ರ ಶಾಖೆಯವರು 150. ಉಳಿದವರು 850 ಆಗಬೇಕು; ಆದರೆ ಯಂತ್ರವು 830 ಎಂದು ಉತ್ತರಿಸಬಹುದು. ಮಿಕ್ಕ 20 ಮಂದಿಯ ಶಾಖೆಯ ಸ್ಥಾನವು ರಿಕ್ತವಾಗಿದ್ದುದೇ ಇದಕ್ಕೆ ಕಾರಣ. ತಿಳಿಯದ ಶಾಖೆಯು ಲೆಕ್ಕಪತ್ರವೋ ಎಂದು ಕೇಳಿದರೆ ಹೌದೆಂದೂ ಅಲ್ಲವೆಂದೂ ಹೇಳಲಾಗದು. ಪ್ರಶ್ನಭಾಷೆಯ ತರ್ಕದಲ್ಲಿ ಸತ್ಯ, ಅಸತ್ಯಗಳಲ್ಲದೆ ಅಜ್ಞಾತವೆಂಬ ಮೂರನೆಯ ಕೋಟಿಯೂ ಇರುವುದು. ಸತ್ಯವೆಂದು ನಿಶ್ಚಯವಾದ ಪಂಕ್ತಿಗಳು ಮಾತ್ರ ಉತ್ತರದಲ್ಲಿ ಉಳಿಯುವುವು. ಹೀಗೆ ಆ 20 ಮಂದಿ ಎರಡು ಪಟ್ಟಿಗಳಿಂದಲೂ ಜಾರಿಹೋಗುವರು. ಶಾಖೆಯ ಸಂಖ್ಯೆಯನ್ನು ಹಿಡಿದು ಎರಡು ಕೋಷ್ಟಕಗಳನ್ನು ಸಾಮಾನ್ಯ ಕ್ರಮದಲ್ಲಿ ಜೋಡಿಸುವಾಗಲೂ ಇವರಿಗೆ ಇದೇ ಗತಿ. ಏಕೆಂದರೆ ಒಂದು ಅಜ್ಞಾತವು ಮತ್ತೊಂದು ಅಜ್ಞಾತಕ್ಕೆ ಸಮವೆನಿಸುವುದಿಲ್ಲ.

ರಿಕ್ತಸ್ಥಾನದ ಅರ್ಥವು ಎಲ್ಲೆಡೆಯಲ್ಲಿಯೂ ಒಂದೇ ಅಲ್ಲವೆಂಬುದನ್ನೂ ಗಮನಿಸಬೇಕು. ಸೇವೆಯಿಂದ ಬಿಡುಗಡೆಯಾದ ದಿನಾಂಕವು ರಿಕ್ತವಾಗಿದ್ದರೆ ನೌಕರನು ಇನ್ನೂ ಕೆಲಸದಲ್ಲಿರುವನೆಂದು ಅರ್ಥ; ಮೇಲಧಿಕಾರಿಯ ಹೆಸರು ರಿಕ್ತವಾಗಿದ್ದರೆ ಆತನೇ ಸಂಸ್ಥೆಯ ಮುಖ್ಯಸ್ಥನಾಗಿರಬಹುದು; ವೇತನವು ರಿಕ್ತವಾಗಿದ್ದರೆ ಯಾರೋ ಬರೆಯಲು ಮರೆತಿರಬಹುದು. ಚಿಹ್ನೆ ಒಂದೇ, ಅರ್ಥ ಮೂರು. ಇದನ್ನು ನಿರ್ಣಯಿಸಬಲ್ಲವರು ದಾಖಲೆಯ ಸಂಪ್ರದಾಯವನ್ನು ಅರಿತ ಮನುಷ್ಯರೇ ಹೊರತು ಯಂತ್ರವಲ್ಲ.

ಪರಿಹಾರವು ಕಷ್ಟವಾದುದಲ್ಲ. ಎಲ್ಲ ಪಂಕ್ತಿಗಳ ಎಣಿಕೆಯನ್ನೂ, ನಿರ್ದಿಷ್ಟ ಸ್ತಂಭದಲ್ಲಿ ತುಂಬಿರುವ ಸ್ಥಾನಗಳ ಎಣಿಕೆಯನ್ನೂ ಜೊತೆಜೊತೆಯಾಗಿ ಕೇಳಿದರೆ ರಿಕ್ತಸ್ಥಾನಗಳೆಷ್ಟೆಂಬುದು ಹೊರಬೀಳುವುದು. ರಿಕ್ತವನ್ನೂ ಹೋಲಿಕೆಗೆ ಒಳಪಡಿಸುವ ಪ್ರತ್ಯೇಕವಾದ ಸಮತ್ವಚಿಹ್ನೆಯೂ ಸ್ಪಾರ್ಕಿನಲ್ಲುಂಟು. ಅದರಿಂದ ನಿಷೇಧವನ್ನು ರಚಿಸಿದರೆ ಮೇಲಿನ 20 ಮಂದಿ ಪಟ್ಟಿಗೆ ಹಿಂದಿರುಗುವರು. ಭಾಗಗಳ ಮೊತ್ತವು ಒಟ್ಟಿಗೆ ಸಮವಾಗುವುದೇ ಎಂದು ನೋಡದೆ ಯಾವ ಪಟ್ಟಿಯನ್ನೂ ಅಂಗೀಕರಿಸಬಾರದು.

ಮಾರಾಟದ ಲೆಕ್ಕದಲ್ಲಿ ಒಂದು ಪಂಕ್ತಿ ಜಾರಿದರೆ ಮೊತ್ತದಲ್ಲಿ ಅಲ್ಪ ವ್ಯತ್ಯಾಸವಾದೀತು. ಸಿಬ್ಬಂದಿಯ ಲೆಕ್ಕದಲ್ಲಿ ಒಂದೊಂದು ಪಂಕ್ತಿಯೂ ಒಬ್ಬ ಮನುಷ್ಯ. ಬಡ್ತಿಯ ಪಟ್ಟಿಯಿಂದಲೋ ನಿವೃತ್ತಿವೇತನದ ಪಟ್ಟಿಯಿಂದಲೋ ಅವನ ಹೆಸರು ಬಿಟ್ಟುಹೋದರೆ, ಯಂತ್ರವು ದೋಷವನ್ನು ಸೂಚಿಸುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿರುತ್ತದೆ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತೆ ಎಂಬುದನ್ನು ಪರೀಕ್ಷಿಸುವ ಹೊಣೆ ಪ್ರಶ್ನಿಸಿದವರದು.