ಪಾನನಿರೋಧವೂ ಮಾರಾಟ ತೆರಿಗೆಯೂ: ಕಮರಿಪೇಟೆಯ ನೆಲೆಯಿಂದ ಒಂದು ವಿಚಾರ

ಹುಬ್ಬಳ್ಳಿಯ ಕಮರಿಪೇಟೆಯ ಹೆಸರು ಕಳ್ಳಭಟ್ಟಿಯ ಸುದ್ದಿಯೊಡನೆ ಬಹುಕಾಲದಿಂದ ಸೇರಿಕೊಂಡು ಬಂದಿದೆ. ಕೆಲವರ ಕಸುಬನ್ನು ಕಂಡು ಇಡೀ ಪೇಟೆಯನ್ನು ಅಳೆಯುವುದು ನ್ಯಾಯವಲ್ಲ. ಆದರೆ ಆ ಓಣಿಗಳಲ್ಲಿ ಹಾಯ್ದುಹೋಗುವ ಇತಿಹಾಸದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳುವುದು ಸಹಜ. ಮಾದಕ ಪದಾರ್ಥಗಳನ್ನು ತಡೆಯುವ ಕಾರ್ಯಕ್ಕೆ ತಗಲುವ ವೆಚ್ಚವನ್ನು ಯಾರು ಹೊತ್ತರು? ಹೊತ್ತವರನ್ನು ಯಾರಾದರೂ ಮರಳಿ ಕೇಳಿದರೆ?

ಪಾನನಿರೋಧದಿಂದ ಸರಕಾರಕ್ಕೆ ಎರಡು ಬಗೆಯ ಹಾನಿಯುಂಟು. ಅಬಕಾರಿಯ ಹುಟ್ಟುವಳಿ ನಿಲ್ಲುತ್ತದೆ. ಕಾವಲಿನ ವೆಚ್ಚ ಬೆಳೆಯುತ್ತದೆ. ಈ ಲೆಕ್ಕವನ್ನು ಮೊದಲು ನೇರವಾಗಿ ಎದುರಿಸಿದವರು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು. 1937ರ ಅಕ್ಟೋಬರದಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದ ಅವರು, ಕಳೆದುಹೋದ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯ ಕಾಯಿದೆಯನ್ನು ಮಾಡಿಸಿದರು. ಮಂಗಳೂರು, ಬಳ್ಳಾರಿಗಳು ಆಗ ಮದರಾಸಿಗೆ ಸೇರಿದ್ದುದರಿಂದ ಅಲ್ಲಿಯ ಕನ್ನಡ ವ್ಯಾಪಾರಿಗಳೂ ಈ ಕಾಯಿದೆಗೆ ಒಳಪಟ್ಟರು. ಅದನ್ನು ಅಂಗೀಕರಿಸಿದ ಶಾಸನಸಭೆಯನ್ನು ಆರಿಸಿದವರು ಆಸ್ತಿ, ತೆರಿಗೆ, ವಿದ್ಯೆಗಳ ಆಧಾರದಿಂದ ಮತಾಧಿಕಾರ ಪಡೆದಿದ್ದ ಕೆಲವರು ಮಾತ್ರ ಎಂಬುದನ್ನು ಮರೆಯಬಾರದು. ಅಂಗಡಿಯಲ್ಲಿ ಉಪ್ಪು, ಬಟ್ಟೆ ಕೊಳ್ಳುವ ಬಹುಸಂಖ್ಯಾತರಿಗೆ ಆ ಅಧಿಕಾರವಿರಲಿಲ್ಲ.

ಧಾರವಾಡ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದ್ದು ಬೇರೊಂದು ದಾರಿ. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಬಂದಾಗ, ಬಾಳಾಸಾಹೇಬ ಖೇರರ ಮಂತ್ರಿಮಂಡಲವು ನಗರದ ಕಟ್ಟಡಗಳ ಮೇಲೆ ಹೊಸ ತೆರಿಗೆ ಹಾಕಿ ಕೊರತೆಯನ್ನು ತುಂಬಲೆಳಸಿತು. ಮಾರಾಟ ತೆರಿಗೆ ಬಂದುದು 1946ರಲ್ಲಿ. ಅದು ಪಾನನಿರೋಧಕ್ಕೆಂದೇ ಮುಡಿಪಾಗಿರಲಿಲ್ಲ. ಆದರೆ ಅಬಕಾರಿ ಕುಗ್ಗುತ್ತ ಹೋದಂತೆ ಬೊಕ್ಕಸಕ್ಕೆ ಅದೇ ದೊಡ್ಡ ಆಧಾರವಾಯಿತು. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಬಳಿಕ, 1950ರ ಏಪ್ರಿಲದಿಂದ ಇಡೀ ರಾಜ್ಯದಲ್ಲಿ ಸಂಪೂರ್ಣ ನಿಷೇಧ ಜಾರಿಯಾಯಿತು. ಹುಬ್ಬಳ್ಳಿಯೂ ಅದಕ್ಕೆ ಒಳಪಟ್ಟಿತು.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. 1957ರಲ್ಲಿ ಮೈಸೂರು ಮಾರಾಟ ತೆರಿಗೆ ಕಾಯಿದೆ ಬಂದಿತು. 1967ರಲ್ಲಿ ಪಾನನಿರೋಧ ಸಡಿಲಿತು. ಇಲ್ಲಿ ಗಮನಿಸಬೇಕಾದ ಸಂಗತಿಯಿದು: ನಿಷೇಧ ಹೋಯಿತು, ತೆರಿಗೆ ಉಳಿಯಿತು. ಅಬಕಾರಿಯೂ ಮರಳಿ ಬಂದಿತು. ಒಂದರ ಬದಲಿಗೆ ಆಸರೆಯಾಗಿ ನಿಂತದ್ದು ಈಗ ಅದರ ಪಕ್ಕದಲ್ಲೇ ನಿಂತಿತು.

ಇದಕ್ಕೆ ಹೋಲಿಸಿ ನೋಡತಕ್ಕ ಒಂದು ಏರ್ಪಾಡು ಅಮೆರಿಕದ ಮಿಸ್ಸೌರಿ ಸಂಸ್ಥಾನದ ಜ್ಯಾಕ್ಸನ್ ಕೌಂಟಿಯಲ್ಲಿದೆ. ಮಾದಕ ಪದಾರ್ಥಗಳ ಹಾವಳಿಯನ್ನು ಎದುರಿಸಲು ಅಲ್ಲಿಯ ಮತದಾರರು 1989ರಲ್ಲಿ ಕಾಲು ಸೆಂಟಿನ, ಅಂದರೆ ಒಂದು ಡಾಲರಿಗೆ ನಾನೂರರಲ್ಲೊಂದು ಪಾಲಿನ, ಮಾರಾಟ ತೆರಿಗೆಗೆ ಒಪ್ಪಿಗೆಯಿತ್ತರು. ಆ ಹಣ ಪೊಲೀಸು, ನ್ಯಾಯವಿಚಾರಣೆ, ವ್ಯಸನಿಗಳ ಚಿಕಿತ್ಸೆ, ಎಳೆಯರಲ್ಲಿ ಎಚ್ಚರಿಕೆ ಮೂಡಿಸುವ ಕೆಲಸ ಇವುಗಳಿಗೆ ಮುಡಿಪು. ತೆರಿಗೆಗೆ ಅವಧಿಯುಂಟು. ಅವಧಿ ಮುಗಿಯುವ ಮುನ್ನ ಅಧಿಕಾರಿಗಳು ಜನರ ಮುಂದೆ ಬಂದು, ಮುಂದುವರಿಸಲು ಮತ ಬೇಡಬೇಕು. ಹೀಗೆ ಹಲವು ಸಲ ಬೇಡಿ ಪಡೆದಿದ್ದಾರೆ.

ನಮ್ಮಲ್ಲಿ ಇದು ಏಕಿಲ್ಲ? ಸಂವಿಧಾನದ 266ನೆಯ ವಿಧಿಯಂತೆ ರಾಜ್ಯದ ತೆರಿಗೆಯೆಲ್ಲ ಸಂಚಿತ ನಿಧಿಗೆ ಸೇರುತ್ತದೆ. ಯಾವ ರೂಪಾಯಿ ಯಾವ ಕೆಲಸಕ್ಕೆ ಹೋಯಿತೆಂದು ಕೊಟ್ಟವನಿಗೆ ತಿಳಿಯದು. ನಗರಸಭೆಗಳಿಗೆ ಮಾರಾಟ ತೆರಿಗೆಯ ಅಧಿಕಾರವಿಲ್ಲ. ಸರಕಿನ ಮೇಲೆ ಅವು ಎತ್ತುತ್ತಿದ್ದ ಆಕ್ಟ್ರಾಯ್ ಕೂಡ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. 2017ರ ಜುಲೈಯಿಂದ ಸರಕು ಮತ್ತು ಸೇವಾ ತೆರಿಗೆ ಬಂದರೂ ಕುಡಿಯುವ ಮದ್ಯ ಅದರ ಹೊರಗಿದ್ದು, ಆ ಆದಾಯ ರಾಜ್ಯದ ಕೈಯಲ್ಲಿಯೇ ಇದೆ. ಮಾದಕ ದ್ರವ್ಯಗಳ 1985ರ ಕಾಯಿದೆಯಡಿ ಮುಡಿಪು ನಿಧಿಯೊಂದಕ್ಕೆ ಅವಕಾಶ ಮಾಡಲಾಗಿದೆ; ಆದರೆ ಅದು ಕೇಂದ್ರದ್ದು, ಅದರಲ್ಲಿ ಮತದಾರನ ಮಾತಿಗೆ ಸ್ಥಾನವಿಲ್ಲ.

ಮತದ ಪದ್ಧತಿಯಲ್ಲಿ ದೋಷವಿಲ್ಲವೆಂದಲ್ಲ. ಬೇಸತ್ತ ಮತದಾರರು ಒಮ್ಮೆ ಬೇಡವೆಂದರೆ ಚಿಕಿತ್ಸೆಯಲ್ಲಿರುವ ವ್ಯಸನಿಯ ಗತಿಯೇನು? ವಸ್ತುಗಳ ಮೇಲಿನ ತೆರಿಗೆ ಬಡವನಿಗೇ ಹೆಚ್ಚು ತಟ್ಟುತ್ತದೆಂಬ ಆಕ್ಷೇಪಣೆಯೂ ಸಾಧುವಾದುದೆ. ಆದರೆ ಅವಧಿಯಿಲ್ಲದ ತೆರಿಗೆಗೆ ಇದಕ್ಕಿಂತ ದೊಡ್ಡ ದೋಷವುಂಟು. ಅದಕ್ಕೆ ಉದ್ದೇಶ ಮರೆತುಹೋಗುತ್ತದೆ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಬೇರೆ ಮದ್ಯದಿಂದ ಅಬಕಾರಿ ಆದಾಯ ಬೆಳೆಯುತ್ತಲೇ ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ನಡೆದರು. ಅವರ ಕೈಯಲ್ಲಿ ಮತಪತ್ರವಿರಲಿಲ್ಲ; ಕಾಲುಗಳಷ್ಟೇ ಇದ್ದವು. ಕಮರಿಪೇಟೆಯಂಥ ಓಣಿಯ ತಾಯಿಗೆ, ತಾನು ಕೊಟ್ಟ ತೆರಿಗೆಯಲ್ಲಿ ಎಷ್ಟು ತನ್ನ ಮಗನ ವ್ಯಸನ ಬಿಡಿಸಲು ವೆಚ್ಚವಾಯಿತೆಂದು ಕೇಳುವ ಹಕ್ಕು ದೊರೆಯಬೇಕಾದರೆ, ತೆರಿಗೆಗೆ ಉದ್ದೇಶವನ್ನೂ ಅವಧಿಯನ್ನೂ ಲೆಕ್ಕವನ್ನೂ ಕಟ್ಟಿಕೊಡುವ ಕಾನೂನು ಬೇಕು. 1939ರಿಂದ ನಾವು ಕಲಿಯತಕ್ಕ ಪಾಠ ಇದೇ.