ಹಳೆ ಜೀಪಿಗೆ ಟೈರ್ ಗಾಳಿಯ ಡಿಸ್‌ಪ್ಲೇ

ಹೊಸ ಕಾರುಗಳ ಮೀಟರ್ ಬೋರ್ಡಿನಲ್ಲಿ ಕುದುರೆ ಲಾಳದಂಥ ಒಂದು ಗುರುತು, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಹಳದಿ ಬಣ್ಣದಲ್ಲಿ ಹೊತ್ತಿಕೊಳ್ಳುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಯಾವುದೋ ಚಕ್ರದಲ್ಲಿ ಗಾಳಿ ಇಳಿದಿದೆ ಎಂದು ಅದರ ಅರ್ಥ. 2000ದ ಹೊತ್ತಿಗೆ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಡುತ್ತಿರುವಾಗಲೇ ಪದರ ಕಿತ್ತುಹೋಗಿ ಅನೇಕರು ಸತ್ತರು. ಅದೇ ವರ್ಷ ಅಲ್ಲಿ ಒಂದು ಕಾನೂನು ಬಂತು. ಅದರ ಫಲವಾಗಿ 2008ರ ಮಾದರಿಯಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆ ಕಡ್ಡಾಯವಾಯಿತು.

ಆದರೆ ನಮ್ಮ ಘಟ್ಟದ ಊರುಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಮಹೀಂದ್ರ ಜೀಪು, ಮಾರುತಿ ಜಿಪ್ಸಿಗಳಲ್ಲಿ ಇದು ಇಲ್ಲ. ತೋಟದ ಕೆಲಸಕ್ಕೆ, ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಹತ್ತಿಸಲು ಈ ಗಾಡಿಗಳೇ ಬೇಕು. ನಿಜವಾಗಿ ನೋಡಿದರೆ ಪೇಟೆಯ ಕಾರಿಗಿಂತ ಇವಕ್ಕೇ ಗಾಳಿಯ ಲೆಕ್ಕ ಹೆಚ್ಚು ಅಗತ್ಯ. ಏಕೆಂದರೆ ಕಾರಿನವರು ಗಾಳಿಯನ್ನು ಒಂದೇ ಮಟ್ಟದಲ್ಲಿ ಇಡುತ್ತಾರೆ. ಜೀಪಿನವರು ಬೇಕೆಂದೇ ಇಳಿಸುತ್ತಾರೆ.

ಕಾರಣ ಸರಳ. ಸಾವಿರ ಕಿಲೋ ತೂಕದ ಜೀಪಿನ ಒಂದು ಚಕ್ರದ ಮೇಲೆ ಸುಮಾರು 250 ಕಿಲೋ, ಅಂದರೆ 550 ಪೌಂಡ್ ಭಾರ ಬೀಳುತ್ತದೆ. ಟೈರಿನಲ್ಲಿ 25 ಪಿಎಸ್‌ಐ ಗಾಳಿ ಇದ್ದರೆ, ಅಂದರೆ ಚದರ ಇಂಚಿಗೆ 25 ಪೌಂಡ್ ಇದ್ದರೆ, ಆ ಭಾರ ಹೊರಲು ಸುಮಾರು 22 ಚದರ ಇಂಚು ರಬ್ಬರು ನೆಲಕ್ಕೆ ತಾಗಬೇಕು. 15ಕ್ಕೆ ಇಳಿಸಿದರೆ 37 ಚದರ ಇಂಚು. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಇಷ್ಟೇ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ದಿಕ್ಕು ಇದೇ. ಅಗಲವಾಗಿ ಒರಗಿದ ಟೈರು ಕೆಸರಿನಲ್ಲಿ ಹೂತುಹೋಗುವುದಿಲ್ಲ, ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಗಲ್ಫಿನಲ್ಲಿ ಇರುವ ನಿಮ್ಮ ಬಂಧುಗಳನ್ನು ಕೇಳಿ ನೋಡಿ, ಮರಳುಗುಡ್ಡಕ್ಕೆ ಗಾಡಿ ಇಳಿಸುವ ಮೊದಲು ಅಲ್ಲಿಯವರು ಮಾಡುವ ಮೊದಲ ಕೆಲಸವೇ ಗಾಳಿ ಬಿಡುವುದು.

ಅಪಾಯ ಇರುವುದು ವಾಪಸು ಬರುವಾಗ. ಗಾಳಿ ಇಳಿದ ಟೈರು ಡಾಂಬರು ರಸ್ತೆಯಲ್ಲಿ ಓಡಿದರೆ ಪ್ರತಿ ಸುತ್ತಿಗೂ ಅದರ ಪಕ್ಕದ ಗೋಡೆ ಮಡಚಿ ಬಿಡಿಸಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ. ಆ ಬಿಸಿಗೆ ಒಳಗಿನ ಪದರಗಳು ಬಿಡುತ್ತವೆ. ಟ್ಯೂಬ್ ಇರುವ ಹಳೆಯ ಚಕ್ರವಾದರೆ ಇನ್ನೊಂದು ತೊಂದರೆಯೂ ಇದೆ: ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನು ಎಳೆದು, ವಾಲ್ವನ್ನು ಬುಡದಲ್ಲೇ ಹರಿಯುತ್ತದೆ. ಹಿಂದೆ ಎಂಟು ಜನ ಕುಳಿತ ಜೀಪು ಘಟ್ಟದ ತಿರುವಿನಲ್ಲಿ ಇಳಿಯುವಾಗ ಹಿಂದಿನ ಚಕ್ರದ ಗಾಳಿ ಹೋಗುತ್ತಿರುವುದು ಸ್ಟಿಯರಿಂಗ್ ಹಿಡಿದವರ ಕೈಗೆ ಬೇಗ ತಿಳಿಯುವುದಿಲ್ಲ. ಆ ಟೈರುಗಳ ಗೋಡೆ ಗಡುಸು. ಹತ್ತು ಪಿಎಸ್‌ಐ ಕಡಿಮೆಯಾದರೂ ನೋಡಲು ಸರಿಯಾಗಿಯೇ ಕಾಣಬಹುದು. ಕಾಲಿನಲ್ಲಿ ಒದ್ದು ನೋಡುವ ಪರೀಕ್ಷೆಯಂತೂ ಬರೀ ಸಮಾಧಾನಕ್ಕೆ.

ಗಾಳಿ ತಿಳಿಯಲು ಎರಡು ದಾರಿಗಳಿವೆ. ಒಂದು, ಎಬಿಎಸ್ ಬ್ರೇಕಿನ ಸೆನ್ಸರುಗಳಿಂದ ಊಹಿಸುವುದು: ಗಾಳಿ ಕಡಿಮೆಯಾದ ಚಕ್ರದ ಸುತ್ತಳತೆ ಸ್ವಲ್ಪ ಕಿರಿದಾಗಿ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಹಳೆ ಜೀಪಿನಲ್ಲಿ ಎಬಿಎಸ್ ಇಲ್ಲ, ಆದ್ದರಿಂದ ಆ ದಾರಿ ಮುಚ್ಚಿದೆ. ಉಳಿದದ್ದು ಪ್ರತಿ ಚಕ್ರಕ್ಕೂ ಒಂದು ಸೆನ್ಸರ್ ಹಾಕಿ ನೇರವಾಗಿ ಅಳೆಯುವುದು. ಸೆನ್ಸರಿನೊಳಗೆ ತೆಳುವಾದ ಸಿಲಿಕಾನ್ ಪೊರೆ ಇರುತ್ತದೆ. ಗಾಳಿ ಒತ್ತಿದಾಗ ಪೊರೆ ಬಾಗಿ, ಅದರ ಮೇಲಿನ ರೋಧಗಳ ಬೆಲೆ ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಡಿಯುವುದು ವಿಜ್ಞಾನ ವಿಭಾಗದವರಿಗೆ ಪರಿಚಯವಿರುವ ವೀಟ್‌ಸ್ಟೋನ್ ಬ್ರಿಡ್ಜ್. ಪರೀಕ್ಷೆಗೆಂದು ಉರು ಹೊಡೆದ ಆ ಚಿತ್ರ ಇಲ್ಲಿ ಚಕ್ರದ ಜೊತೆ ಸುತ್ತುತ್ತಿರುತ್ತದೆ! ಅಳತೆಯನ್ನು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲಿರುವ ಡಿಸ್‌ಪ್ಲೇಗೆ ಕಳಿಸುತ್ತದೆ. ಚಕ್ರದಿಂದ ಡ್ಯಾಶ್‌ಬೋರ್ಡಿಗೆ ವೈರು ಎಳೆಯುವ ಕೆಲಸವೇ ಇಲ್ಲ.

ಸೆನ್ಸರುಗಳಲ್ಲಿ ರಿಮ್ಮಿನ ಒಳಗೆ ಕೂರುವುದು ಒಂದು ಬಗೆ, ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಪುವುದು ಇನ್ನೊಂದು. ಕಲ್ಲು ಮುಳ್ಳಿನ ದಾರಿಗೆ ಒಳಗಿನದೇ ಸುರಕ್ಷಿತ, ಆದರೆ ಟ್ಯೂಬ್ ಇರುವ ಚಕ್ರಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಹೆಚ್ಚಿನ ಹಳೆ ಜೀಪುಗಳಿಗೆ ಮುಚ್ಚಳದ ಬಗೆಯೇ ಗತಿ. ಇದು ವಾಲ್ವಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ ಎಂಬುದು ನೆನಪಿರಲಿ. ಒಳಗಿನ ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರಿಕೆ ಕಾಯಬೇಕಾದದ್ದೇ ಗಾಳಿ ಸೋರಿಸುತ್ತದೆ. ತಿರುಪಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಲೇಬೇಕು. ಉದ್ದನೆಯ ರಬ್ಬರ್ ವಾಲ್ವಿನ ತುದಿಗೆ ಭಾರ ಸೇರಿದರೆ ಓಟದಲ್ಲಿ ಅದು ಬಾಗಿ ಬಾಗಿ ಬಿರುಕು ಬಿಡಬಹುದು. ಗಿಡ್ಡ ವಾಲ್ವು ಅಥವಾ ಲೋಹದ ವಾಲ್ವು ಒಳ್ಳೆಯದು.

ಡಿಸ್‌ಪ್ಲೇ ಕೂರಿಸುವುದು ಸುಲಭ. ಸೌರ ಫಲಕ ಇರುವುದಾದರೆ ಗಾಜಿನ ಬಳಿ ಇಟ್ಟರೆ ಮುಗಿಯಿತು. ಕರೆಂಟಿನ ಸಂಪರ್ಕ ಕೊಡುವುದಾದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿನಿಂದ, ನಡುವೆ ಸಣ್ಣ ಫ್ಯೂಸ್ ಇಟ್ಟು ಕೊಡಬೇಕು. ಹಳೆ ಗಾಡಿಯ ವೈರುಗಳ ಹೊದಿಕೆ ಒಣಗಿ ಉದುರುತ್ತಿರುತ್ತದೆ, ಫ್ಯೂಸ್ ಬಿಡುವುದು ಜಿಪುಣತನವಲ್ಲ, ಬೆಂಕಿಗೆ ಆಹ್ವಾನ. ಟಾರ್ಪಾಲಿನ ಜೀಪಾದರೆ ಮಳೆಗಾಲದಲ್ಲಿ ಡಿಸ್‌ಪ್ಲೇಯನ್ನು ಬಿಚ್ಚಿ ಮನೆಗೆ ಒಯ್ಯುವುದೇ ವಾಸಿ.

ಕಷ್ಟ ಇರುವುದು ಅದು ತೋರಿಸುವ ಅಂಕಿಯನ್ನು ಓದುವುದರಲ್ಲಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 30 ಪಿಎಸ್‌ಐ ಇದ್ದ ಟೈರು ಓಡಿ 45 ಡಿಗ್ರಿಗೆ ಬಿಸಿಯಾಯಿತು ಎನ್ನಿ. ವಾತಾವರಣದ 14.7 ಸೇರಿಸಿದರೆ ಒಟ್ಟು ಒತ್ತಡ 44.7. ಅದನ್ನು ಕೆಲ್ವಿನ್ ಲೆಕ್ಕದಲ್ಲಿ 318ರಿಂದ ಗುಣಿಸಿ 298ರಿಂದ ಭಾಗಿಸಿದರೆ 47.7. ವಾತಾವರಣದ್ದನ್ನು ಕಳೆದರೆ 33. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರಿನಲ್ಲಿ 27 ಮಾತ್ರ ಉಳಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದಿರುವ ಅಂಕಿ ತಣ್ಣಗಿನ ಟೈರಿನದು.

ಎತ್ತರದ ಆಟ ಇನ್ನೂ ಮಜವಾಗಿದೆ. ಮಂಗಳೂರಿನಲ್ಲಿ 32 ಡಿಗ್ರಿಯಲ್ಲಿ 30 ತುಂಬಿಸಿ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹತ್ತಿ, ಗಾಡಿ ನಿಲ್ಲಿಸಿ 20 ಡಿಗ್ರಿಗೆ ಆರಲು ಬಿಡಿ. ತಂಪಿಗೆ ಒಳಗಿನ ಒಟ್ಟು ಒತ್ತಡ 42.9ಕ್ಕೆ ಇಳಿಯುತ್ತದೆ, ಹೊರಗಿನ ವಾತಾವರಣವೂ ಸುಮಾರು 11.7ಕ್ಕೆ ಇಳಿದಿರುತ್ತದೆ. ಪಂಕ್ಚರ್ ಅಂಗಡಿಯ ಗೇಜು 31 ತೋರಿಸುತ್ತದೆ. ಆದರೆ ಎಲ್ಲಿ ಹೋದರೂ 14.7ನ್ನೇ ಕಳೆಯುವ ಸೆನ್ಸರ್ ಆದರೆ 28 ತೋರಿಸುತ್ತದೆ. ಟೈರು ಒಂದೇ, ಎರಡೂ ಅಂಕಿ ಸುಳ್ಳಲ್ಲ.

ಅಲಾರಂ ಮಟ್ಟವನ್ನು ತಣ್ಣಗಿನ ಅಂಕಿಗಿಂತ ಕಾಲು ಭಾಗ ಕಡಿಮೆಗೆ ಇಡುವುದು ವಾಡಿಕೆ. 30ಕ್ಕೆ 22.5. ಕಾಡುದಾರಿಯಲ್ಲಿ ಗಾಳಿ ಬಿಟ್ಟಾಗ ಅದು ಬಡಿದುಕೊಳ್ಳುತ್ತಲೇ ಇರುತ್ತದೆ. ಕಿರಿಕಿರಿ ಎಂದು ಅಲಾರಂ ಮಟ್ಟವನ್ನೇ 12ಕ್ಕೆ ಇಳಿಸಿಬಿಟ್ಟರೆ, ಡಾಂಬರಿಗೆ ಬಂದು ಗಾಳಿ ತುಂಬಿಸಲು ಮರೆತಾಗ ಅದು ಸುಮ್ಮನಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಶಬ್ದವನ್ನಷ್ಟೇ ನಿಲ್ಲಿಸಿ, ಕೆಂಪು ಅಂಕಿ ಕಣ್ಣೆದುರು ಮಿನುಗುತ್ತಿರಲು ಬಿಡುವುದು ಮೇಲು.

ಚೂಪು ಕಲ್ಲಿಗೆ ಟೈರು ಒಮ್ಮೆಲೇ ಸೀಳಿದರೆ ಈ ಸಾಧನ ಮುಂಚಿತವಾಗಿ ಏನೂ ಹೇಳಲಾರದು. ನಿಧಾನವಾಗಿ ಇಳಿಯುವುದನ್ನು ಮಾತ್ರ ಹೇಳುತ್ತದೆ. ಚಕ್ರಗಳನ್ನು ಅದಲು ಬದಲು ಮಾಡಿದಾಗ ಸೆನ್ಸರುಗಳನ್ನೂ ಅವುಗಳ ಸ್ಥಾನಕ್ಕೆ ಮರಳಿಸಬೇಕು, ಇಲ್ಲದಿದ್ದರೆ ಎಡಗಡೆಯ ಪಂಕ್ಚರನ್ನು ಬಲಗಡೆ ಹುಡುಕುತ್ತೀರಿ. ಕೊಳ್ಳುವಾಗ ನಾಲ್ಕರ ಬದಲು ಐದು ಸೆನ್ಸರಿನ ಸೆಟ್ ಸಿಕ್ಕರೆ ಅದನ್ನೇ ಕೊಳ್ಳಿ. ಜೀಪಿನ ಹಿಂದೆ ತಿಂಗಳುಗಟ್ಟಲೆ ಬಿಸಿಲಿಗೆ ನೇತಾಡುವ ಸ್ಟೆಪ್ನಿಯ ಗಾಳಿಯನ್ನು ಪರೀಕ್ಷಿಸುವವರು ಯಾರೂ ಇಲ್ಲ.